ಐತಿಹಾಸಿಕ ಕಾದಂಬರಿ ಮತ್ತು ನೋಟದ ಪಲ್ಲಟ

೧

ಐತಿಹಾಸಿಕ ಕಾದಂಬರಿಯ ವಿಷಯದಲ್ಲಿ ನಮ್ಮ ವಾಚಕರೂ ವಿಮರ್ಶಕರೂ ಸಾಮಾನ್ಯವಾಗಿ ಎತ್ತುವ ಪ್ರಶ್ನೆ ಒಂದೇ: ಇದರಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು? ಪ್ರಶ್ನೆ ಅನಗತ್ಯವೆಂದು ನಾವು ಹೇಳುವುದಿಲ್ಲ. ಇಸವಿಗಳನ್ನು ಅದಲುಬದಲು ಮಾಡಿ, ಸತ್ತವರನ್ನು ಬದುಕಿಸಿ, ನಡೆಯದ ಯುದ್ಧಗಳನ್ನು ಹೂಡುವ ಲೇಖಕನನ್ನು ಯಾರೂ ಸುಲಭವಾಗಿ ಕ್ಷಮಿಸಲಾರರು. ಆದರೆ ಇಸವಿಗಳೆಲ್ಲ ಸರಿಯಾಗಿದ್ದು, ಹೆಸರುಗಳೆಲ್ಲ ದಾಖಲೆಗೆ ಹೊಂದಿಕೊಂಡಿದ್ದರೂ ಕಾದಂಬರಿ ಅಸತ್ಯವಾಗಬಹುದೆಂಬುದನ್ನು ನಾವು ಅಷ್ಟಾಗಿ ಗಮನಿಸಿದವರಲ್ಲ. ನಡೆದದ್ದನ್ನೇ ಹೇಳಿದರೂ, ಅದನ್ನು ಕಂಡವರಲ್ಲಿ ಒಬ್ಬನ ಕಣ್ಣನ್ನು ಮಾತ್ರ ನಂಬಿದರೆ ಸತ್ಯಕ್ಕೆ ಊನ ಬರುತ್ತದೆ.

ಆದುದರಿಂದ ಕಥೆಯನ್ನು ಯಾರ ಪಕ್ಕದಲ್ಲಿ ನಿಂತು ನೋಡಲಾಗುತ್ತಿದೆ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕೆಂದು ನಮಗೆ ತೋರುತ್ತದೆ. ನಿರೂಪಕನು ಎಲ್ಲವನ್ನೂ ಬಲ್ಲವನೆಂದು ಹೇಳಿಕೊಂಡರೂ, ಪ್ರತಿಯೊಂದು ಸನ್ನಿವೇಶದಲ್ಲಿಯೂ ಅವನು ಯಾರದೋ ಒಬ್ಬರ ಹೆಗಲ ಹಿಂದೆ ನಿಂತೇ ಇರುತ್ತಾನೆ. ಒಡ್ಡೋಲಗವನ್ನು ಬಣ್ಣಿಸುವಾಗ ಸಿಂಹಾಸನದ ಕಡೆಯಿಂದ ಸಭೆಯನ್ನು ನೋಡುವುದು ಒಂದು. ಬಾಗಿಲಲ್ಲಿ ನಿಂತ ಕಾವಲಿನವನ ಕಡೆಯಿಂದ ಸಿಂಹಾಸನವನ್ನು ನೋಡುವುದು ಇನ್ನೊಂದು. ಈ ನೆಲೆಯನ್ನು ದೃಷ್ಟಿಕೋನವೆಂದು ಕರೆಯುವುದು ವಾಡಿಕೆ. ಅದು ಕಾದಂಬರಿಯ ನಡುವೆ ಬದಲಾಗುವುದನ್ನು ಇಲ್ಲಿ ನೋಟದ ಪಲ್ಲಟವೆಂದು ಕರೆಯುತ್ತೇವೆ.

ಪಲ್ಲಟವೆಂಬುದು ಬರಿಯ ತಂತ್ರವೆ? ಹಲವು ಕಾದಂಬರಿಗಳಲ್ಲಿ ಅದು ಅಷ್ಟೇ ಆಗಿರುವುದುಂಟು. ಮುಂದಿನ ಘಟನೆ ಕೋಟೆಯ ಹೊರಗೆ ನಡೆಯಬೇಕಾದುದರಿಂದ ಲೇಖಕನು ನಮ್ಮನ್ನು ಕೋಟೆಯ ಹೊರಗಿನ ಒಂದು ಪಾತ್ರದ ಬಳಿಗೆ ಒಯ್ಯುತ್ತಾನೆ. ಕೆಲಸ ಮುಗಿದೊಡನೆ ಹಿಂದಿರುಗಿಸುತ್ತಾನೆ. ಇದು ಗಾಡಿ ಬದಲಾಯಿಸುವ ಕೆಲಸ. ನಿಜವಾದ ಪಲ್ಲಟವಾದರೋ ಬೇರೆ. ಅದು ನಡೆದ ಮೇಲೆ ನಾವು ಹಿಂದೆ ಕಂಡದ್ದು ಕಂಡಂತೆ ಉಳಿಯುವುದಿಲ್ಲ. ಮೊದಲನೆಯವನು ಏನನ್ನು ಕಾಣಲಾರನಾಗಿದ್ದನೋ ಅದನ್ನು ಎರಡನೆಯವನು ಕಾಣುತ್ತಾನೆ. ಕಂಡುದರಿಂದ ಮೊದಲನೆಯವನು ಉತ್ತರ ಹೇಳಬೇಕಾಗುತ್ತದೆ. ಐತಿಹಾಸಿಕ ಕಾದಂಬರಿಯಲ್ಲಿ ನ್ಯಾಯವೆಂಬುದು ನಡೆಯುವುದಾದರೆ ಅದು ಈ ಮಾರ್ಗದಲ್ಲಿಯೇ ನಡೆಯತಕ್ಕದ್ದು ಎಂಬುದು ನಮ್ಮ ಪ್ರತಿಪಾದನೆ.

ಈ ಮಾತನ್ನು ಪರೀಕ್ಷಿಸಿ ನೋಡಲು ವಯನಾಡಿನಂಥ ನೆಲ ಇನ್ನೊಂದಿಲ್ಲ. ಕಬಿನಿಯ ತಲೆನೀರಿನ ಈ ನಾಡಿನಲ್ಲಿ ಮಲೆಯಾಳ, ಮೈಸೂರು, ಕೊಡಗುಗಳ ಗಡಿಗಳು ಒಂದರ ಮೇಲೊಂದು ಬಿದ್ದಿವೆ. ಊರುಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಗಣಪತಿವಟ್ಟಂ ಎಂದಿದ್ದ ಊರು ಟೀಪುವಿನ ಕಾಲದಲ್ಲಿ ಅಲ್ಲಿಯ ಜೈನ ಬಸದಿ ಮದ್ದುಗುಂಡುಗಳ ಉಗ್ರಾಣವಾದುದರಿಂದ ಸುಲ್ತಾನ್ ಬತ್ತೇರಿಯಾಯಿತು. ಒಂದೇ ಕಲ್ಲಿನ ಕಟ್ಟಡ ಶ್ರಾವಕನಿಗೆ ಬಸದಿ, ಸಿಪಾಯಿಗೆ ಬತ್ತೇರಿ. ಎರಡು ಹೆಸರುಗಳಲ್ಲಿ ಒಂದನ್ನು ಮಾತ್ರ ಬಲ್ಲ ಕಾದಂಬರಿಕಾರನು ಕಟ್ಟಡದ ಅರ್ಧವನ್ನು ಮಾತ್ರ ಬಲ್ಲನು.

೨

ವಯನಾಡಿನ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ದಿನ ೧೮೦೫ರ ನವೆಂಬರ್ ೩೦. ಅಂದು ಪುಲ್ಪಳ್ಳಿಯ ಸಮೀಪದ ಮಾವಿಲತೋಡಿನ ಬಳಿ ಕೋಟ್ಟಯಂ ಮನೆತನದ ಕೇರಳವರ್ಮ ಪಳಶ್ಶಿರಾಜನು ಪ್ರಾಣ ಬಿಟ್ಟನು. ಆ ದಿನದ ಮುಖ್ಯವಾದ ಲಿಖಿತ ಸಾಕ್ಷ್ಯ ಅವನನ್ನು ಬೆನ್ನಟ್ಟಿದವನದೇ ಆಗಿದೆ. ತಲಶ್ಶೇರಿಯ ಉಪಕಲೆಕ್ಟರನಾಗಿದ್ದ ಥಾಮಸ್ ಹಾರ್ವೆ ಬೇಬರ್ ತನ್ನ ಮೇಲಧಿಕಾರಿಗೆ ಬರೆದ ಪತ್ರವನ್ನು ವಿಲಿಯಂ ಲೋಗನ್ ೧೮೮೭ರಲ್ಲಿ ಹೊರಬಂದ ತನ್ನ ಮಲಬಾರ್ ಗ್ರಂಥದಲ್ಲಿ ಸೇರಿಸಿದ್ದಾನೆ. ಚರಿತ್ರಕಾರರು ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ.

ಪತ್ರವನ್ನು ಸಾಹಿತ್ಯವಿದ್ಯಾರ್ಥಿಯ ಕಣ್ಣಿನಿಂದ ಓದಿದರೆ ಒಂದು ವಿಶೇಷ ತೋರಿಬರುತ್ತದೆ. ಬೇಬರನು ಗೆದ್ದವನು, ಆದರೂ ಸೋತವನ ಘನತೆ ಅವನನ್ನು ತಟ್ಟಿದೆ. ತನ್ನನ್ನು ಅಡ್ಡಗಟ್ಟಿದ ಕಚೇರಿಯ ನೌಕರ ಕಣಾರ ಮೇನೋನನ ಎದೆಗೆ ಬಂದೂಕವಿಟ್ಟು, ಸಮೀಪಕ್ಕೆ ಬರಬೇಡವೆಂದು ರಾಜನು ಆಜ್ಞಾಪಿಸಿದುದನ್ನು ಅವನು ಬರೆಯುತ್ತಾನೆ. ರಾಜನ ದೇಹವನ್ನು ತನ್ನ ಸ್ವಂತ ಪಲ್ಲಕ್ಕಿಯಲ್ಲಿಯೂ, ಕಾಯಿಲೆಯಿಂದ ಬಳಲಿದ್ದ ಅವನ ಪತ್ನಿಯನ್ನು ಕ್ಯಾಪ್ಟನ್ ಕ್ಲಾಫಮ್ಮನ ಪಲ್ಲಕ್ಕಿಯಲ್ಲಿಯೂ ಇರಿಸಿದುದನ್ನು ತಿಳಿಸುತ್ತಾನೆ. ಮಾನಂತವಾಡಿಯಲ್ಲಿ ಸಲ್ಲತಕ್ಕ ಮರ್ಯಾದೆಗಳೊಡನೆ ಅಂತ್ಯಕ್ರಿಯೆ ನಡೆಯಿತು. ಶತ್ರುವಾದರೂ ಈತನು ಈ ನಾಡಿನ ಸಹಜ ನಾಯಕರಲ್ಲಿ ಒಬ್ಬನೆಂದು ಅವನು ಕಾರಣ ಹೇಳುತ್ತಾನೆ.

ಜನರ ಬಾಯಲ್ಲಿ ಈ ಮರಣಕ್ಕೆ ಬೇರೊಂದು ರೂಪವುಂಟು. ರಾಜನು ಕಂಪೆನಿಯ ಗುಂಡಿಗೆ ಬೀಳಲಿಲ್ಲ. ಶತ್ರುವಿನ ಕೈ ಮೈಗೆ ತಾಗುವ ಮೊದಲೇ ಬೆರಳಿನ ವಜ್ರದ ಉಂಗುರವನ್ನು ನುಂಗಿದನು ಎಂಬುದು ಆ ಕಥೆ. ಯಾವುದು ನಿಜವೆಂದು ತೀರ್ಮಾನಿಸುವುದು ಚರಿತ್ರಕಾರನ ಕೆಲಸ. ಕಾದಂಬರಿಕಾರನಿಗೆ ಬೇಕಾದುದು ಇವೆರಡರ ನಡುವಣ ಅಂತರ. ಬೇಬರನ ಪತ್ರದಲ್ಲಿ ರಾಜನ ಸಾವು ಕಂಪೆನಿಯ ಸಾಧನೆ; ಉಂಗುರದ ಕಥೆಯಲ್ಲಿ ಅದು ರಾಜನದೇ ನಿರ್ಧಾರ. ಸಾವನ್ನು ಯಾರು ಮಾಡಿದರು ಎಂಬ ಒಂದು ವ್ಯಾಕರಣದ ಕರ್ತೃಪದಕ್ಕಾಗಿ ಎರಡು ಸಮಾಜಗಳು ಹೋರಾಡುತ್ತಿವೆ. ಒಬ್ಬನ ಕಣ್ಣಿನಿಂದ ಇನ್ನೊಬ್ಬನ ಕಣ್ಣಿಗೆ ಸಾಗಿದ ಹೊರತು ಈ ಹೋರಾಟ ವಾಚಕನಿಗೆ ಅನುಭವವಾಗದು.

ಅದೇ ಪತ್ರದಲ್ಲಿ ಕನ್ನಡಿಗರಾದ ನಮ್ಮನ್ನು ಕಲಕುವ ಇನ್ನೊಂದು ಭಾಗವಿದೆ. ಈ ನಾಡಿನ ಪೂರ್ವಭಾಗದಲ್ಲಿದ್ದ ಚೆಟ್ಟಿಗಳನ್ನೂ ಗೌಂಡರನ್ನೂ ಬೇಬರನು ಅತಿ ಹೀನವಾಗಿ ಬಣ್ಣಿಸುತ್ತಾನೆ. ಅವರು ದಾಸಸ್ವಭಾವದವರು, ಮಾನವೆಂಬುದನ್ನು ಅರಿಯದವರು ಎಂಬುದು ಅವನ ಅಭಿಪ್ರಾಯದ ಸಾರ. ಗೌಡ, ಚೆಟ್ಟಿ ಎಂಬ ಹೆಸರುಗಳನ್ನು ಹೊತ್ತ ಮನೆಗಳು ಇಂದಿಗೂ ಇಲ್ಲಿವೆ. ಅವುಗಳಲ್ಲಿ ಕೆಲವು ತಮ್ಮ ಬೇರನ್ನು ಕನ್ನಡ ಸೀಮೆಯಲ್ಲಿ ಗುರುತಿಸಿಕೊಳ್ಳುತ್ತವೆ. ಸುದ್ದಿ ಹೇಳದಿದ್ದರೆ ಕಂಪೆನಿಯ ಕೋಪ, ಹೇಳಿದರೆ ಕಾಡಿನವರ ಕತ್ತಿ; ಇಂಥ ಇಕ್ಕಟ್ಟಿನಲ್ಲಿ ಗದ್ದೆ, ದನ, ಮಕ್ಕಳನ್ನು ಕಾಪಾಡಿಕೊಳ್ಳಬೇಕಾಗಿದ್ದ ಒಬ್ಬ ಗೌಡನ ಜಗಲಿಯಿಂದ ನೋಡಿದರೆ ಬೇಬರನು ದಾಸ್ಯವೆಂದದ್ದು ಮೌನವಾಗಿ ಕಂಡೀತು; ಹೇಡಿತನವೆಂದದ್ದು ಎಚ್ಚರವಾಗಿ ಕಂಡೀತು. ಅಥವಾ ಹಾಗೆ ಕಾಣದೆಯೂ ಇರಬಹುದು. ಅವರಲ್ಲಿ ಲಾಭಕ್ಕಾಗಿ ನಡೆದುಕೊಂಡವರೂ ಇದ್ದಿರಬಹುದು. ಆ ಜಗಲಿಯ ಮೇಲೆ ಒಂದು ಅಧ್ಯಾಯದ ಕಾಲವಾದರೂ ಕುಳಿತುಕೊಳ್ಳದ ಲೇಖಕನಿಗೆ ತೀರ್ಪು ಹೇಳುವ ಅಧಿಕಾರವಿಲ್ಲ. ರಾಜನಿಗೆ ಗೌರವ ತೋರಿದ ಲೇಖನಿಯೇ ರೈತನಿಗೆ ಅವಮಾನ ಮಾಡಿದೆ. ವೀರನನ್ನು ಮೆಚ್ಚುವ ಕಣ್ಣು ಸಾಮಾನ್ಯನನ್ನು ಕಾಣದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು.

೩

ನೋಟದ ಪಲ್ಲಟವು ಪಶ್ಚಿಮದಿಂದ ಬಂದ ಕಾದಂಬರಿಯೊಡನೆ ನಮಗೆ ಬಂದ ಹೊಸ ವಿದ್ಯೆಯೆಂದು ಕೆಲವರು ಭಾವಿಸುತ್ತಾರೆ. ರನ್ನನ ಗದಾಯುದ್ಧವನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು. ಆ ಕಾವ್ಯದ ನಾಯಕನು ಭೀಮ. ಕವಿಯ ಆಶ್ರಯದಾತನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿಯೇ ಕಾವ್ಯ ಹೊರಟಿದೆ. ಭಾರತದ ಕಥೆಯನ್ನು ಕೊನೆಯ ದಿನದಿಂದ ಹಿಂದಿರುಗಿ ನೋಡುವ ಸಿಂಹಾವಲೋಕನ ಕ್ರಮವನ್ನೂ ಕವಿ ಅನುಸರಿಸಿದ್ದಾನೆ. ಆದರೆ ರಣರಂಗದಲ್ಲಿ ನಾವು ನಡೆಯುವುದು ಯಾರೊಡನೆ? ಸಂಜಯನ ಜೊತೆಯಲ್ಲಿ ಹೆಣಗಳ ನಡುವೆ ಕಾಲಿಡುವ ದುರ್ಯೋಧನನೊಡನೆ. ದ್ರೋಣನನ್ನೂ, ಅಭಿಮನ್ಯುವನ್ನೂ, ಮಗ ಲಕ್ಷಣಕುಮಾರನನ್ನೂ, ದುಶ್ಶಾಸನನನ್ನೂ, ಕರ್ಣನನ್ನೂ ಅವನು ನೋಡಿದಂತೆ ನಾವೂ ನೋಡುತ್ತೇವೆ. ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆ ಅವನು ನಿಂತಾಗ ಅವನಲ್ಲಿ ನಾವು ಹಿಂದೆ ಕಾಣದಿದ್ದುದನ್ನು ಕಾಣುತ್ತೇವೆ.

ಪ್ರಶಸ್ತಿ ಭೀಮನಿಗೆ, ಕಣ್ಣು ದುರ್ಯೋಧನನಿಗೆ. ಕಾವ್ಯದ ಹಿರಿಮೆ ಈ ವಿರೋಧದಲ್ಲಿದೆ. ಕವಿ ಭೀಮನ ಪಕ್ಷವನ್ನು ಬಿಡಲಿಲ್ಲ, ದುರ್ಯೋಧನನ ಅಪರಾಧಗಳನ್ನು ಮುಚ್ಚಲಿಲ್ಲ. ಆದರೂ ಭೀಮನ ಗೆಲುವಿನ ಬೆಲೆಯೇನೆಂಬುದನ್ನು ಸೋತವನ ಕಣ್ಣಿನಿಂದ ಲೆಕ್ಕ ಹಾಕಿಸಿದನು. ಆಶ್ರಯದಾತನ ಕೀರ್ತಿಗಾಗಿ ಹೊರಟ ಕಾವ್ಯದಲ್ಲಿಯೇ ಇಷ್ಟು ಸಾಧ್ಯವಾದರೆ, ಯಾವ ದೊರೆಯ ಹಂಗೂ ಇಲ್ಲದ ಇಂದಿನ ಕಾದಂಬರಿಕಾರನು ಒಂದೇ ಪಕ್ಷದ ಕಣ್ಣನ್ನು ನಂಬಿ ಕುಳಿತುಕೊಳ್ಳಲು ಕಾರಣವಿಲ್ಲ.

೪

ನಮ್ಮ ನೆರೆಯ ಕೊಡಗಿನ ಕಥೆಯನ್ನುಳ್ಳ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಈ ದೃಷ್ಟಿಯಿಂದ ನೋಡಬಹುದು. ೧೯೫೬ರಲ್ಲಿ ಪ್ರಕಟವಾಗಿ, ೧೯೮೩ರ ಜ್ಞಾನಪೀಠ ಪ್ರಶಸ್ತಿಗೆ ಕಾರಣವಾದ ಈ ಕೃತಿಯ ವಸ್ತು ೧೮೩೪ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿದ ಸಂಗತಿ. ಅರಸನ ದುರ್ನಡತೆ, ಕುಂಟ ಬಸವನ ಪ್ರಭಾವ, ರಾಣಿ ಗೌರಮ್ಮನ ಸಹನೆ, ಮಂತ್ರಿಗಳಾದ ಬೋಪಣ್ಣ ಲಕ್ಷ್ಮೀನಾರಾಯಣರ ತಳಮಳ, ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಚನ್ನಬಸವಯ್ಯರ ಸಂಕಟ, ಭಗವತಿಯ ಗುಟ್ಟು: ಇವುಗಳಲ್ಲಿ ಯಾವುದೊಂದನ್ನೂ ಮಾಸ್ತಿಯವರು ಹೊರಗಿನಿಂದ ಮಾತ್ರ ತೋರಿಸುವುದಿಲ್ಲ. ಅವರ ನಿರೂಪಕನು ಅರಮನೆಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸದ್ದಿಲ್ಲದೆ ಹೋಗುವ ಹಿರಿಯನಂತೆ ನಡೆಯುತ್ತಾನೆ.

ಇದರ ಫಲ ಬೋಪಣ್ಣನ ಪಾತ್ರದಲ್ಲಿ ಸ್ಪಷ್ಟವಾಗಿ ಕಂಡುಬರುತ್ತದೆ. ಇಂಗ್ಲಿಷರ ಸೇನೆಯನ್ನು ತಡೆಯಬೇಕಾಗಿದ್ದ ಮಂತ್ರಿಯೇ ಅದನ್ನು ಮಡಿಕೇರಿಗೆ ಬರಗೊಡುತ್ತಾನೆ. ಇಷ್ಟನ್ನೇ ಅರಸನ ಕಡೆಯಿಂದ ಹೇಳಿದರೆ ದ್ರೋಹ. ಆಂಗ್ಲರ ವರದಿಯ ಕಡೆಯಿಂದ ಹೇಳಿದರೆ ವಿವೇಕ. ನಾವು ಬೋಪಣ್ಣನ ಮನೆಯಲ್ಲಿ ಕುಳಿತು ಅವನ ಅವಮಾನವನ್ನೂ ಭೀತಿಯನ್ನೂ ಕಂಡಿರುವೆವು. ರಾಣಿಯ ಬಳಿ ನಿಂತು ಅವಳು ಉಳಿಸಿಕೊಳ್ಳಲು ಹೆಣಗುತ್ತಿರುವುದೇನೆಂಬುದನ್ನೂ ಕಂಡಿರುವೆವು. ಎರಡನ್ನೂ ಕಂಡವರಿಗೆ ದ್ರೋಹ, ವಿವೇಕ ಎಂಬ ಎರಡು ಪದಗಳೂ ಸಾಲದಾಗುತ್ತವೆ. ಬೋಪಣ್ಣನು ನಾಡನ್ನು ಒಬ್ಬ ಕ್ರೂರಿಯ ಕೈಯಿಂದ ಬಿಡಿಸುವಾಗಲೇ ನಾಡನ್ನು ಕಳೆದನು ಎಂಬ ಕಹಿಯಾದ ತಿಳಿವು ಯಾವ ಪಾತ್ರಕ್ಕೂ ಪೂರ್ತಿಯಾಗಿ ಸೇರಿದ್ದಲ್ಲ. ಪಾತ್ರದಿಂದ ಪಾತ್ರಕ್ಕೆ ನಡೆದು ಬಂದ ವಾಚಕನಿಗೆ ಸೇರಿದ್ದು.

ಹೀಗಿದ್ದರೂ ಒಂದು ಕೊರತೆಯನ್ನು ಹೇಳದೆ ಇರಲಾಗದು. ಮಾಸ್ತಿಯವರ ಪಲ್ಲಟದಲ್ಲಿ ಕಣ್ಣು ಬದಲಾಗುತ್ತದೆ, ಕಂಠ ಬದಲಾಗುವುದಿಲ್ಲ. ದುಷ್ಟನ ಮನಸ್ಸನ್ನೂ ಸಾಧ್ವಿಯ ಮನಸ್ಸನ್ನೂ ಅದೇ ಸಮಾಧಾನದ, ಅದೇ ಸೌಜನ್ಯದ ಧ್ವನಿ ನಮಗೆ ವಿವರಿಸುತ್ತದೆ. ಅದರಿಂದ ಕೃತಿಗೆ ಒಂದು ಶಾಂತಿ ಬಂದಿದೆ. ಜೊತೆಗೆ ಅರಸನೊಳಗಿನ ಕತ್ತಲೆ ನಮ್ಮನ್ನು ಮುಟ್ಟಬೇಕಾದಷ್ಟು ಮುಟ್ಟುವುದಿಲ್ಲ. ಅಲ್ಲದೆ ಈ ನೋಟ ಅರಮನೆ, ಮಂತ್ರಿಗಳ ಮನೆ, ತಕ್ಕರ ಮನೆಗಳಲ್ಲಿ ತಂಗುವಷ್ಟು ದುಡಿಯುವವರ ಗುಡಿಸಲಿನಲ್ಲಿ ತಂಗುವುದಿಲ್ಲ. ಕೊಡಗಿನ ಗದ್ದೆಗಳಲ್ಲಿ ದುಡಿದ ಯರವರಿಗೆ ೧೮೩೪ರಲ್ಲಿ ಒಡೆಯ ಬದಲಾದದ್ದು ಹೇಗೆ ಕಂಡಿತು, ಅಥವಾ ಕಂಡಿತೇ ಇಲ್ಲವೆ, ಎಂಬುದು ನಮಗೆ ತಿಳಿಯುವುದಿಲ್ಲ.

ನಿರಂಜನರ ‘ಚಿರಸ್ಮರಣೆ’ (೧೯೫೫) ಇದಕ್ಕೆ ಎದುರು ದಿಕ್ಕಿನಿಂದ ಹೊರಡುತ್ತದೆ. ಇಂದಿನ ಕಾಸರಗೋಡು ಜಿಲ್ಲೆಯ ಕಯ್ಯೂರಿನಲ್ಲಿ ೧೯೪೧ರ ಮಾರ್ಚಿಯಲ್ಲಿ ನಡೆದ ರೈತರ ಪ್ರತಿಭಟನೆ, ಹೊಳೆಯಲ್ಲಿ ಒಬ್ಬ ಪೋಲೀಸಿನವನ ಸಾವು, ೧೯೪೩ರ ಮಾರ್ಚ್ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ನಾಲ್ವರಿಗೆ ಗಲ್ಲು: ಇದು ಅದರ ಚಾರಿತ್ರಿಕ ಚೌಕಟ್ಟು. ನಿರಂಜನರು ಇದನ್ನು ಅಪ್ಪು ಮತ್ತು ಚಿರುಕಂಡ ಎಂಬ ಹುಡುಗರ ಬೆಳವಣಿಗೆಯೊಡನೆ ಹೆಣೆದಿದ್ದಾರೆ. ಶಾಲೆ, ಮಾಸ್ತರರ ಮಾತು, ಜಮೀನ್ದಾರನ ಮನೆಯ ಭಯ, ಇವೆಲ್ಲ ಅವರ ಎತ್ತರದಿಂದ ಕಾಣುತ್ತವೆ. ಅವರು ಬೆಳೆದಂತೆ ನೋಟದ ವ್ಯಾಪ್ತಿಯೂ ಬೆಳೆಯುತ್ತದೆ. ಇಲ್ಲಿ ಗಮನಿಸಬೇಕಾದುದು ವಾಚಕನ ಸ್ಥಿತಿ. ಗಲ್ಲು ಕಾದಿರುವುದು ಅವನಿಗೆ ಗೊತ್ತು, ಹುಡುಗರಿಗೆ ಗೊತ್ತಿಲ್ಲ. ಐತಿಹಾಸಿಕ ಕಾದಂಬರಿಯ ವಾಚಕನು ಯಾವಾಗಲೂ ಪಾತ್ರಗಳಿಗಿಂತ ಹೆಚ್ಚು ಬಲ್ಲವನು. ಆ ಹೆಚ್ಚಿನ ತಿಳಿವು ಅಹಂಕಾರವಾಗದೆ ನೋವಾಗಬೇಕಾದರೆ, ಏನೂ ತಿಳಿಯದ ಒಬ್ಬನ ಕಣ್ಣಿನೊಳಗೆ ಅವನನ್ನು ಇರಿಸಬೇಕು. ನಿರಂಜನರು ಇದನ್ನು ಸಾಧಿಸಿದ್ದಾರೆ. ಅವರ ಸಹಾನುಭೂತಿ ಒಂದೇ ಪಕ್ಷದ್ದೆಂಬ ಆಕ್ಷೇಪವುಂಟು, ಅದು ಸುಳ್ಳಲ್ಲ. ಆದರೆ ನ್ಯಾಯಾಲಯದ ಕಡತದಲ್ಲಿ ಆರೋಪಿಗಳಾಗಿ ಮಾತ್ರ ಉಳಿದವರಿಗೆ ಬಾಲ್ಯವನ್ನು ಕೊಟ್ಟದ್ದೇ ಇಲ್ಲಿಯ ಪಲ್ಲಟ. ಅದು ಕಾದಂಬರಿಯ ಒಳಗೆ ನಡೆದದ್ದಕ್ಕಿಂತ ಕಡತಕ್ಕೂ ಕಾದಂಬರಿಗೂ ನಡುವೆ ನಡೆದದ್ದು.

ಭೈರಪ್ಪನವರ ‘ಪರ್ವ’ (೧೯೭೯) ಪುರಾಣವಸ್ತುವನ್ನು ಚರಿತ್ರೆಯಂತೆ ಕಂಡ ಕೃತಿಯಾದುದರಿಂದ ಅದರ ಹೆಸರನ್ನು ಇಲ್ಲಿ ಎತ್ತಬಹುದು. ಶಲ್ಯನಿಂದ ಮೊದಲ್ಗೊಂಡು ಕುಂತಿ, ಭೀಮ, ದ್ರೌಪದಿ, ಕರ್ಣ ಹೀಗೆ ಒಬ್ಬೊಬ್ಬರ ನೆನಪಿನೊಳಗೆ ಇಳಿದು ಬರುವ ಅದರ ಕ್ರಮದಲ್ಲಿ, ಒಬ್ಬರ ನೆನಪು ಇನ್ನೊಬ್ಬರ ನೆನಪಿಗೆ ಪಾಟೀಸವಾಲು ಹಾಕುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ರಾಜರ ಚರಿತ್ರೆಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಚರಿತ್ರೆ. ಅಲ್ಲಿ ಗುತ್ತಿಗೆ ಸಿಕ್ಕಿದಷ್ಟೇ ಗಮನ ಅವನ ನಾಯಿ ಹುಲಿಯನಿಗೂ ಸಿಕ್ಕಿತು. ಯಾರ ಕಣ್ಣೂ ಅಲ್ಪವಲ್ಲವೆಂಬ ಪಾಠವನ್ನು ಕನ್ನಡ ಕಾದಂಬರಿ ಅಲ್ಲಿ ಕಲಿತಿತು.

೫

ವಯನಾಡಿಗೆ ಮರಳೋಣ. ಪಳಶ್ಶಿಯ ಕಥೆಯನ್ನು ಮಲಯಾಳದಲ್ಲಿ ಕಾದಂಬರಿಯಾಗಿಸಿದವರು ಸರ್ದಾರ್ ಕೆ. ಎಂ. ಪಣಿಕ್ಕರ್; ಅವರ ‘ಕೇರಳ ಸಿಂಹಂ’ ೧೯೪೧ರಲ್ಲಿ ಬಂದಿತು. ಸ್ವತಃ ಚರಿತ್ರಕಾರರಾದ ಪಣಿಕ್ಕರರು ಬೇಬರನ ಪಕ್ಷದ ಕಡತಗಳಲ್ಲಿ ದಂಗೆಕೋರನೆನಿಸಿಕೊಂಡವನನ್ನು ನಾಡಿನ ಸಿಂಹವೆಂದು ಕರೆದುದೇ ಒಂದು ದೊಡ್ಡ ಪಲ್ಲಟ. ನಾಡು ಇನ್ನೂ ಪರರ ವಶದಲ್ಲಿದ್ದಾಗ ಇದು ಧೈರ್ಯದ ಕೆಲಸವೂ ಆಗಿತ್ತು. ಅಲ್ಲಿಂದ ಅರ್ಧ ಶತಮಾನ ಕಳೆದ ಮೇಲೆ, ೧೯೯೧ರಲ್ಲಿ, ವಯನಾಡಿನಲ್ಲಿಯೇ ನೆಲೆಸಿದ್ದ ಕೆ. ಜೆ. ಬೇಬಿ (೧೯೫೪–೨೦೨೪) ಅವರ ‘ಮಾವೇಲಿಮನ್ರಂ’ ಪ್ರಕಟವಾಯಿತು. ಅದರ ಕೇಂದ್ರದಲ್ಲಿರುವವರು ಅಡಿಯರು; ತಿರುನೆಲ್ಲಿಯ ಸುತ್ತಿನ ಈ ಜನರೂ ಕೊಡಗಿನ ಯರವರೂ ತಮ್ಮನ್ನು ರಾವುಳರೆಂದು ಕರೆದುಕೊಳ್ಳುವ ಒಂದೇ ಕುಲದವರು. ಮಾಸ್ತಿಯವರ ಕೃತಿಯಲ್ಲಿ ನಮಗೆ ದೊರೆಯದೆ ಹೋದ ಗುಡಿಸಲಿನ ಬಾಗಿಲನ್ನು ಬೇಬಿಯವರು ತೆರೆದರು.

ಈ ಎರಡು ಕಾದಂಬರಿಗಳನ್ನು ಒಂದಾದಮೇಲೊಂದರಂತೆ ಇರಿಸಿ ನೋಡಿದರೆ ಒಂದು ತೊಡಕಾದ ಸತ್ಯ ಎದುರಾಗುತ್ತದೆ. ಕಂಪೆನಿಯ ಕಣ್ಣಿನಿಂದ ರಾಜನ ಕಣ್ಣಿಗೆ ಸಾಗಿದ ಪಲ್ಲಟ ನ್ಯಾಯದ ದಾರಿಯಲ್ಲಿ ಒಂದು ಹೆಜ್ಜೆ. ಆದರೆ ಅಲ್ಲಿಯೇ ನಿಂತರೆ, ರಾಜನ ಸ್ವಾತಂತ್ರ್ಯವೇ ನಾಡಿನ ಸ್ವಾತಂತ್ರ್ಯವೆಂದು ನಾವು ನಂಬುತ್ತೇವೆ. ವಳ್ಳಿಯೂರುಕಾವಿನ ಉತ್ಸವದಲ್ಲಿ ಅಡಿಯರನ್ನೂ ಪಣಿಯರನ್ನೂ ವರ್ಷದ ದುಡಿಮೆಗೆ ಮುಂಗಡ ಹಣ ಕೊಟ್ಟು ಹಿಡಿದಿರಿಸುವ ಪದ್ಧತಿ ಇಪ್ಪತ್ತನೆಯ ಶತಮಾನದವರೆಗೂ ನಡೆದುಬಂದಿತು. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾನೂನು ಬಂದದ್ದು ೧೯೭೬ರಲ್ಲಿ. ಆ ಸಾಲಿನಲ್ಲಿ ನಿಂತವನಿಗೆ ೧೮೦೫ರ ನವೆಂಬರ್ ೩೦ ಎಂಥ ದಿನ? ಪಣಿಕ್ಕರರ ಗ್ರಂಥಕ್ಕೆ ಬೇಬಿಯವರ ಗ್ರಂಥ ವೈರಿಯಲ್ಲ. ಅದು ಕೇಳದೆ ಬಿಟ್ಟ ಪ್ರಶ್ನೆ.

ಒಂದೇ ಕಾದಂಬರಿಯಲ್ಲಿ ಈ ಎಲ್ಲ ಕಣ್ಣುಗಳಿಗೂ ಎಡೆಯಾದರೆ ಹೇಗಿದ್ದೀತು? ಲೋಗನ್ನನು ಹೇಳಿರುವ ಒಂದು ಸಣ್ಣ ಪ್ರಸಂಗವನ್ನು ತೆಗೆದುಕೊಳ್ಳೋಣ. ೧೮೦೨ರಲ್ಲಿ ಕಂಪೆನಿಯ ಒಬ್ಬ ಕೋಲ್ಕಾರನು ಒಬ್ಬ ಕುರಿಚ್ಯನ ಬಳಿಗೆ ಬಂದು ಭತ್ತವನ್ನು ಕೊಡೆಂದು ಕೇಳಿದನು. ಪಳಶ್ಶಿಯ ಪಕ್ಷದ ಎಡಚ್ಚೇನ ಕುಂಕನು ಆಗ ಅಲ್ಲಿದ್ದನು. ಅವನು ಎದ್ದು ಕೋಲ್ಕಾರನನ್ನು ಕೊಂದನು. ಇನ್ನು ತಮಗೆ ಉಳಿಗಾಲವಿಲ್ಲವೆಂದು ಬಗೆದ ಕುರಿಚ್ಯರು ಕುಂಕನನ್ನು ಕೂಡಿಕೊಂಡರು. ಆ ಅಕ್ಟೋಬರಿನಲ್ಲಿ ಕುಂಕನೂ ತಲಕ್ಕಲ್ ಚಂದುವೂ ಕುರಿಚ್ಯ ಬಿಲ್ಲಾಳುಗಳೊಡನೆ ಎಪ್ಪತ್ತು ಮಂದಿಯ ಕಾವಲಿದ್ದ ಪನಮರಂ ಠಾಣ್ಯದ ಮೇಲೆ ಬಿದ್ದರು. ಕ್ಯಾಪ್ಟನ್ ಡಿಕೆನ್ಸನ್, ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಇಬ್ಬರೂ ಹತರಾದರು. ಕೆಲವೇ ಮೈಲಿಗಳಾಚೆ ಪುಳಿಂಞಾಲಿನಲ್ಲಿ ಪಡೆಯೊಡನೆ ಇದ್ದ ಮೇಜರ್ ಡ್ರಮಂಡ್ ಕದಲಲಿಲ್ಲ.

ಠಾಣ್ಯ ಬಿದ್ದುದನ್ನು ಬಣ್ಣಿಸಲು ಹಲವರು ಸಿದ್ಧರಿದ್ದಾರೆ. ನಮಗೆ ಮುಖ್ಯವಾಗಿ ತೋರುವುದು ಭತ್ತದ ಪ್ರಸಂಗ. ಕುಂಕನ ಕಡೆಯಿಂದ ನೋಡಿದರೆ ಅದು ಅವಮಾನಕ್ಕೆ ತಕ್ಕ ಶಾಸ್ತಿ. ಬಹುಕಾಲದಿಂದ ಕಾಯುತ್ತಿದ್ದ ಗಳಿಗೆ. ಕೋಲ್ಕಾರನ ಕಡೆಯಿಂದ ನೋಡಿದರೆ ಮೇಲಿನವರ ಮಾತಿನಂತೆ ಭತ್ತ ಕೇಳಲು ಬಂದ ಒಬ್ಬ ಸಂಬಳದಾಳಿನ ಸಾವು. ಇವೆರಡೂ ಅಲ್ಲದ ಮೂರನೆಯ ನೆಲೆ ಭತ್ತದ ಒಡೆಯನಾದ ಕುರಿಚ್ಯನದು. ಭತ್ತವನ್ನು ಬೆಳೆದವನು ಅವನು, ಕೇಳಿದ್ದು ಅವನನ್ನು, ಆದರೆ ಕತ್ತಿ ಎತ್ತಿದವನು ಅವನಲ್ಲ. ಕ್ಷಣಮಾತ್ರದಲ್ಲಿ ಇನ್ನೊಬ್ಬನ ಯುದ್ಧ ಅವನ ಅಂಗಳದಲ್ಲಿ ಅವನದಾಯಿತು. ಹೊರಟಾಗ ಅವನಲ್ಲಿ ಇದ್ದುದು ರಾಜಭಕ್ತಿಯೆ, ಕೋಪವೆ, ಭಯವೆ? ಉಳಿಗಾಲವಿಲ್ಲವೆಂದು ಬಗೆದರೆಂಬ ಮಾತನ್ನು ಎಂಟು ದಶಕಗಳ ಮೇಲೆ ಒಬ್ಬ ಆಂಗ್ಲ ಅಧಿಕಾರಿ ಬರೆದುದು, ಕುರಿಚ್ಯನು ಹೇಳಿದುದಲ್ಲ. ರಾಜನು ಸತ್ತು ಏಳು ವರ್ಷಗಳಾಗುವ ಮೊದಲೇ, ೧೮೧೨ರಲ್ಲಿ, ಕಂದಾಯವನ್ನು ನಾಣ್ಯರೂಪದಲ್ಲಿ ಕೊಡಬೇಕೆಂಬ ಒತ್ತಾಯದ ವಿರುದ್ಧ ಕುರಿಚ್ಯರೂ ಕುರುಮರೂ ತಾವಾಗಿಯೇ ದಂಗೆಯೆದ್ದರು ಎಂಬುದನ್ನು ನೆನೆದರೆ, ಅವರ ಹೋರಾಟಕ್ಕೆ ರಾಜನ ನಿಮಿತ್ತವಷ್ಟೇ ಸಾಲದು, ಭತ್ತದ ಲೆಕ್ಕವೂ ಬೇಕು ಎಂದು ತಿಳಿಯುತ್ತದೆ.

ಈ ಪ್ರಸಂಗವನ್ನು ಕುಂಕನ ನೆಲೆಯಿಂದ ಬರೆದ ಲೇಖಕನು ಮುಂದೆ ಎಂದಾದರೂ ಆ ಅಂಗಳಕ್ಕೆ ಹಿಂದಿರುಗಿ, ಕುರಿಚ್ಯನ ಮನೆಯ ಹೆಂಗಸರ ಕಣ್ಣಿನಿಂದ ಅದೇ ಗಳಿಗೆಯನ್ನು ತೋರಿಸಿದನೆಂದರೆ, ಕುಂಕನ ಪರಾಕ್ರಮ ಕಡಮೆಯಾಗುವುದಿಲ್ಲ. ಅದಕ್ಕೆ ತೆತ್ತವರು ಯಾರೆಂಬುದು ಗೊತ್ತಾಗುತ್ತದೆ. ನಿಜವಾದ ಪಲ್ಲಟವೆಂದು ನಾವು ಕರೆದುದು ಇದನ್ನೇ.

೬

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು, ಇಷ್ಟೊಂದು ಕಣ್ಣುಗಳಿಂದ ಕಥೆಯ ಓಟ ಕೆಡುವುದೆಂಬುದು. ಕೆಡುವುದು ಹೌದು, ಲೇಖಕನು ಎಲ್ಲರಿಗೂ ಸಮಪಾಲು ಹಂಚಲು ಹೊರಟರೆ. ಕಾದಂಬರಿ ಪಂಚಾಯಿತಿಯಲ್ಲ; ಎಲ್ಲರೂ ಸರದಿಯ ಮೇಲೆ ಮಾತನಾಡಬೇಕಾಗಿಲ್ಲ. ಒಂದು ನೋಟ ಎಲ್ಲಿ ಕುರುಡಾಗುವುದೋ ಅಲ್ಲಿ ಮಾತ್ರ ಇನ್ನೊಂದು ಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಎಲ್ಲರ ಕಣ್ಣಿನಿಂದಲೂ ನೋಡಿದರೆ ಎಲ್ಲರೂ ಸರಿಯೆಂದಾಗುವುದಿಲ್ಲವೆ? ಬೇಬರನಿಗೂ ಅವನದೇ ಕಾರಣಗಳಿದ್ದುವು, ಜೀತದಾಳನ್ನು ಹಿಡಿದಿರಿಸಿದ ಒಡೆಯನಿಗೂ ಇದ್ದುವು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಕೈತೊಳೆದುಕೊಂಡ ಕಾದಂಬರಿಗಳೂ ಉಂಟು. ಆದರೆ ಒಬ್ಬನ ಕಾರಣವನ್ನು ತಿಳಿಯುವುದು ಅವನನ್ನು ಬಿಡುಗಡೆ ಮಾಡುವುದಲ್ಲ. ರನ್ನನು ದುರ್ಯೋಧನನನ್ನು ಬಿಡುಗಡೆ ಮಾಡಲಿಲ್ಲ. ಸಾಕ್ಷಿಗಳನ್ನೆಲ್ಲ ಕೇಳಿದ ನ್ಯಾಯಾಧೀಶನು ತೀರ್ಪು ಕೊಡದೆ ಎದ್ದುಹೋಗುವುದಿಲ್ಲ. ಕೇಳಿದ ಮೇಲೆ ಕೊಟ್ಟ ತೀರ್ಪು ತೂಕವುಳ್ಳದ್ದಾಗುತ್ತದೆ, ಅಷ್ಟೆ.

ಮೂರನೆಯದು ದಾಖಲೆಗಳ ಪ್ರಶ್ನೆ. ಬೇಬರನು ಪತ್ರ ಬರೆದನು, ರಾಜನಿಗೆ ಕಥೆಗಳಿವೆ. ಪಣಿಯನ ಮನಸ್ಸನ್ನು ಬರೆಯಲು ಆಧಾರವೆಲ್ಲಿ? ಆಧಾರ ಪೂರ್ತಿಯಾಗಿ ಇಲ್ಲವೆನ್ನಲಾಗದು. ಅಡಿಯರಲ್ಲಿ ಗದ್ದಿಕವಿದೆ, ಪಣಿಯರಲ್ಲಿ ಹಾಡುಗಳಿವೆ, ಬೆಟ್ಟಕುರುಬರ, ಕಾಟ್ಟುನಾಯ್ಕರ ಮಾತಿನಲ್ಲಿ ಕನ್ನಡದ ಕಿವಿಗೆ ಪರಿಚಿತವಾದ ಎಷ್ಟೋ ಶಬ್ದಗಳಿವೆ. ಮಲಯಾಳದ ಲೇಖಕನು ಅನುವಾದದಲ್ಲಿ ಕೇಳಬೇಕಾದುದನ್ನು ಕನ್ನಡದ ಲೇಖಕನು ಅರ್ಧವಾದರೂ ನೇರವಾಗಿ ಕೇಳಬಲ್ಲನು. ಇದು ಗಡಿಯಲ್ಲಿ ಬಾಳುವ ನಮಗೆ ದೊರೆತ ಅನುಕೂಲ, ಆದುದರಿಂದಲೇ ನಮ್ಮ ಮೇಲಿನ ಹೊಣೆ. ಎಲ್ಲಿ ಏನೂ ದೊರೆಯದೋ ಅಲ್ಲಿ ಲೇಖಕನು ಸುಂದರವಾದ ಮಾತುಗಳನ್ನು ಆ ಬಾಯಿಗೆ ತುರುಕದೆ, ಮೌನವನ್ನು ಮೌನವಾಗಿಯೇ ಬಿಡುವ ಪ್ರಾಮಾಣಿಕತೆಯನ್ನು ತೋರಬೇಕು. ಆದರೆ ಆ ಮೌನ ಇರುವ ಜಾಗವನ್ನು ತೋರಿಸಲೇಬೇಕು.

ಜಾಗವನ್ನು ತೋರಿಸುವುದೆಂದರೇನೆಂಬುದಕ್ಕೆ ಬೇಬರನ ಪತ್ರವೇ ಉದಾಹರಣೆಯನ್ನು ಒದಗಿಸುತ್ತದೆ. ಮಾವಿಲತೋಡಿನಿಂದ ಎರಡು ಪಲ್ಲಕ್ಕಿಗಳು ಹೊರಟುವು. ಒಂದರಲ್ಲಿ ಸತ್ತ ರಾಜ, ಇನ್ನೊಂದರಲ್ಲಿ ಕಾಯಿಲೆಯ ರಾಣಿ. ಪಲ್ಲಕ್ಕಿ ಯಾರದೆಂಬುದನ್ನು ಬೇಬರನು ಬರೆದನು, ಒಳಗೆ ಯಾರಿದ್ದರೆಂಬುದನ್ನು ಬರೆದನು. ಹೊತ್ತವರ ಮಾತು ಪತ್ರದಲ್ಲಿಲ್ಲ. ಯಾವ ಜಾತಿಯವರೋ, ಯಾವ ಭಾಷೆಯವರೋ, ಕಾಡಿನ ದಾರಿಯಲ್ಲಿ ಹೆಗಲು ಬದಲಾಯಿಸುವಾಗ ಏನು ಮಾತನಾಡಿಕೊಂಡರೋ, ಅಥವಾ ಮಾತನಾಡಲಿಲ್ಲವೋ. ಆ ದಿನ ರಾಜನ ಭಾರವನ್ನು ಮೈಯಾರೆ ಅರಿತವರು ಅವರು. ವಯನಾಡಿನ ಕಥೆಯನ್ನು ಕನ್ನಡದಲ್ಲಿ ಬರೆಯಲು ಕುಳಿತವರು ಬೇಬರನ ಬಳಿ ನಿಲ್ಲಲಿ, ರಾಣಿಯ ಬಳಿ ನಿಲ್ಲಲಿ, ಗೌಡನ ಜಗಲಿಯಲ್ಲಿ ಕುಳಿತುಕೊಳ್ಳಲಿ. ಮಾನಂತವಾಡಿ ತಲಪುವ ಮೊದಲು ಒಂದು ಹರದಾರಿಯಾದರೂ ಆ ಹೆಗಲುಗಳ ಕೆಳಗೆ ನಡೆದು ಬರಲಿ ಎಂಬುದು ನಮ್ಮ ಅಪೇಕ್ಷೆ.